ನವೆಂಬರ್ ಕಲ್ಲು

ಆನ್ಸೆಲ್ಮ್ ವೊತ್ರೊಗೆ ನಮ್ಮೂರು ಕೊರ್ಮಾರಿಯ ಜನ ಇಟ್ಟಿದ್ದ ಅಡ್ಡಹೆಸರು ‘ಬೇಸಿಗೆ ಬರಲಿ’. ಊರಿಗೆ ಶಾಲೆ ಕಟ್ಟಬೇಕೇ? ಬೇಸಿಗೆ ಬರಲಿ. ಹೆಂಗಸರು ಬಟ್ಟೆ ಒಗೆಯುವ ಕೊಳಕ್ಕೆ ಕಂಬ, ಮಾಡು ಬೇಕೇ? ಬೇಸಿಗೆ ಬರಲಿ. ಸತ್ತ ಅತ್ತೆಯ ಗೋರಿಗೆ ಒಂದು ದೇವದೂತ ಬೇಕೇ? ಅತ್ತೆ ಎಲ್ಲಿಗೂ ಎದ್ದು ಹೋಗುವುದಿಲ್ಲ, ಬೇಸಿಗೆ ಬರಲಿ. ಊರಿನ ಕಟ್ಟಡಗಳ ನಕ್ಷೆ ಬರೆಯುವವನೂ ಅವನೇ, ಮೂರ್ತಿ ಕೆತ್ತುವವನೂ ಅವನೇ. ಬಿಟ್ಟು ಇನ್ನೊಬ್ಬನ ಬಳಿ ಹೋಗುವಂತಿರಲಿಲ್ಲ. ಬೈದುಕೊಂಡೇ ಕಾಯುತ್ತಿದ್ದರು.

ಅವನ ಹಟ ಸುಮ್ಮಸುಮ್ಮನೆ ಬಂದದ್ದಲ್ಲ. ನಮ್ಮ ಬೆಟ್ಟದ ಸುಣ್ಣಕಲ್ಲು ನೆಲದಿಂದ ಏಳುವಾಗ ಮೈತುಂಬ ನೀರು ಹೊತ್ತುಕೊಂಡೇ ಏಳುತ್ತದೆ. ಏಪ್ರಿಲ್‌ನಲ್ಲಿ ಎಬ್ಬಿಸಿದ ಕಲ್ಲು ಬೇಸಿಗೆಯೆಲ್ಲ ಬಿಸಿಲುಂಡು, ಆ ನೀರನ್ನು ಬಿಟ್ಟು ಗಟ್ಟಿಯಾಗುತ್ತದೆ. ತಟ್ಟಿದರೆ ಗಂಟೆಯ ಹಾಗೆ ನುಡಿಯುತ್ತದೆ. ಸಕಲ ಸಂತರ ಹಬ್ಬ ಕಳೆದ ಮೇಲೆ, ಅಂದರೆ ನವೆಂಬರ್ ಹುಟ್ಟಿದ ಮೇಲೆ ಎಬ್ಬಿಸಿದ ಕಲ್ಲಿಗೆ ಆ ಭಾಗ್ಯವಿಲ್ಲ. ಒಳಗಿನ ನೀರು ಚಳಿಗೆ ಹೆಪ್ಪುಗಟ್ಟಿ ಉಬ್ಬಿತೆಂದರೆ ಕಲ್ಲು ಸಿಡಿದುಹೋಗುತ್ತದೆ. ಅದಕ್ಕೇ ಹಬ್ಬದ ಹಿಂದಿನ ದಿನ ಕ್ವಾರಿಯವರು ಹಾರೆ, ಬೆಣೆಗಳಿಗೆ ಎಣ್ಣೆ ಸವರಿ ಕಟ್ಟಿಡುತ್ತಿದ್ದರು. ಮರುದಿನ ಸೇವಂತಿಗೆ ಕುಂಡ ಹಿಡಿದು ತಮ್ಮವರ ಗೋರಿಗಳ ಕಡೆ ನಡೆಯುತ್ತಿದ್ದರು.

ಆನ್ಸೆಲ್ಮ್‌ಗೆ ಈ ಪಾಠ ಕಲಿಸಿದ್ದು ಅವನಪ್ಪನ ಕಾಲುಗಳು. 1871ರಲ್ಲಿ ಪ್ರಷ್ಯದ ಸೈನ್ಯ ಸುಟ್ಟುಹಾಕಿದ್ದ ಒಂದು ಹೊಲಮನೆಯನ್ನು ಚಳಿಗಾಲ ಬಲಿಯುವುದರೊಳಗೆ ಎತ್ತಿ ನಿಲ್ಲಿಸಬೇಕಾಗಿ ಬಂದು, ಮೇಸ್ತ್ರಿಯಾಗಿದ್ದ ಅಪ್ಪ ನವೆಂಬರ್‌ನಲ್ಲಿ ತೆಗೆದ ಹಸಿಕಲ್ಲನ್ನು ಬಾಗಿಲ ಮೇಲೆ ಅಡ್ಡಕ್ಕಿಟ್ಟ. ಜನವರಿಯಲ್ಲಿ ಅದು ನಡುವೆ ಸಿಡಿದು ಅವನ ಕಾಲ ಮೇಲೇ ಬಿತ್ತು. ಅಲ್ಲಿಂದ ಹನ್ನೊಂದು ವರ್ಷ ಒಲೆಯ ಪಕ್ಕದ ಕುರ್ಚಿಯೇ ಅವನ ಪ್ರಪಂಚವಾಯಿತು. ಹದಿಮೂರರ ಮಗನನ್ನು ಎದುರಿಗೆ ಕೂರಿಸಿಕೊಂಡು ಹೇಳುತ್ತಿದ್ದ: “ಹೆಂಡ್ತಿ ಅಳ್ಲಿ, ಮೇಯರ್ ಬೈಲಿ, ಪಾದ್ರಿ ಶಾಪ ಹಾಕ್ಲಿ, ಹಸಿಕಲ್ಲು ಮಾತ್ರ ಮುಟ್ಟಬೇಡ ಕಣೋ. ಕಲ್ಲು ಸುಳ್ಳು ಹೇಳಲ್ಲ. ಅದನ್ನ ತಂದಿಟ್ಟವನು ಹೇಳಿರ್ತಾನೆ.”

ಹುಡುಗ ಉಳಿ ಹಿಡಿದ. ಕೈ ಚೆನ್ನಾಗಿತ್ತು. ದಿಜೋನ್ ಪಟ್ಟಣದ ಕಲಾಶಾಲೆಯಲ್ಲಿ ನಕ್ಷೆ ಬರೆಯುವುದನ್ನೂ ಮೂರ್ತಿ ಮಾಡುವುದನ್ನೂ ಕಲಿತು, ದೊಡ್ಡ ಶಿಲ್ಪಿಯಾಗಿಬಿಡುತ್ತೇನೆಂದು ಪ್ಯಾರಿಸ್‌ಗೆ ಹೋದ. ಅಲ್ಲಿ ಅವನಂಥವರು ಬೀದಿಗೆ ನೂರು ಜನ. ಮೂರು ವರ್ಷ ಬೇರೆಯವರು ಸಹಿ ಹಾಕುವ ಮೂರ್ತಿಗಳಿಗೆ ಕಾಲ್ಬೆರಳು, ಬಟ್ಟೆಯ ನೆರಿಗೆ ಕೆತ್ತಿದ್ದೇ ಬಂತು. ಒಂದೇ ಒಂದು ಮುಖ ಕೆತ್ತಲು ಯಾರೂ ಕೊಡಲಿಲ್ಲ. ಜೋಲುಮೋರೆ ಹಾಕಿಕೊಂಡು ಊರಿಗೆ ಬಂದಾಗ ಬೇಕರಿಯವನ ಮಗಳು ಝೆಲೀ ಇನ್ನೂ ಕಾಯುತ್ತಿದ್ದಳು. ಮೂರು ವರ್ಷದಲ್ಲಿ ಆ ಮಹಾರಾಯ ಅವಳಿಗೆ ಬರೆದದ್ದು ಐದು ಕಾಗದ!

“ಮೂರು ಬೇಸಿಗೆ ಒಣಗಿಸಿ ಆಮೇಲೆ ಹೆಂಡ್ತೀನ ಮನೆ ತುಂಬಿಸಿಕೊಂಡ್ನಲ್ಲಪ್ಪಾ!” ಎಂದು ವೈನ್ ಅಂಗಡಿಯಲ್ಲಿ ಆಡಿಕೊಂಡರು. ಝೆಲೀ ಬಿಡುವವಳೇ? “ಒಣಗಿದ್ದಕ್ಕೇ ನಾನಿನ್ನೂ ಬಿರುಕು ಬಿಟ್ಟಿಲ್ಲ ಕಣ್ರೋ. ನಿಮ್ಮ ಹೆಂಡ್ತೀರನ್ನ ಒಂದ್ಸಲ ತಟ್ಟಿ ನೋಡ್ಕೊಳ್ಳಿ” ಎಂದಳು.

ಮುಂದಿನ ಮೂವತ್ತು ವರ್ಷಗಳಲ್ಲಿ ಅವನು ಸುತ್ತಲಿನ ಊರುಗಳಿಗೆ ಎರಡು ಶಾಲೆ, ಒಂದು ಪುರಭವನ, ಒಂದು ಸಂತೆಮಾಳಿಗೆ, ಐದು ಬಟ್ಟೆಕೊಳ ಕಟ್ಟಿದ. ಶಾಲೆಗೆ ಕಲ್ಲು ಒಣಗಲೆಂದು ಕೊರ್ಮಾರಿಯ ಮಕ್ಕಳನ್ನು ಒಂದಿಡೀ ಚಳಿಗಾಲ ಹುಲ್ಲಿನ ಕಣಜದಲ್ಲಿ ಕೂರಿಸಿದ. ಕೆಮ್ಮಿದ ಮಕ್ಕಳ ತಾಯಂದಿರು ಅವನ ವಂಶವನ್ನೇ ಎತ್ತಿ ಬೈದರು. ಅವನು ಕಟ್ಟಿದ ಒಂದು ಗೋಡೆಯೂ ಬಿರುಕು ಬಿಡಲಿಲ್ಲ, ಅದನ್ನೂ ಹೇಳಬೇಕು. ಸ್ವಂತ ಸಂತೋಷಕ್ಕೆ ಗೋರಿಗಳ ಮೇಲೆ ದೇವದೂತರನ್ನು ಕೆತ್ತುತ್ತಿದ್ದ. ಎಲ್ಲ ದೇವದೂತರಿಗೂ ಝೆಲೀಯ ಹಾಗೆ ಸ್ವಲ್ಪ ಸೊಟ್ಟ ಮೂಗು. “ಸತ್ತ ಮೇಲೂ ನಮ್ಮನ್ನ ಕಾಯೋಕೆ ಬೇಕರಿಯವನ ಮಗಳೇ ಗತಿ” ಎಂದು ಊರು ನಗುತ್ತಿತ್ತು.

ಅವರಿಗೆ ಒಬ್ಬನೇ ಮಗ, ಕ್ಲೊವಿಸ್. ಅವನಿಗೂ ಅದೇ ಮೂಗು. 1917ರ ಏಪ್ರಿಲ್‌ನಲ್ಲಿ ಏನ್ ಎಂಬ ನದಿಯ ಮೇಲಿನ ದಿಬ್ಬದಲ್ಲಿ ಅವನ ತುಕಡಿ ಮುಂದೆ ನುಗ್ಗಿತು. ಮಳೆ, ಕೆಸರು, ಗುಂಡು. ಸೈನ್ಯದಿಂದ ಬಂದ ಕಾಗದದಲ್ಲಿ ‘ಸತ್ತಿದ್ದಾನೆ’ ಎಂದಿರಲಿಲ್ಲ, ‘ಕಾಣೆಯಾಗಿದ್ದಾನೆ’ ಎಂದಿತ್ತು. ಆಮೇಲೆ ಅವನ ಜೊತೆಗಾರನೊಬ್ಬ ಬಂದು, ಕೆಸರು ಅವನನ್ನು ಸೊಂಟದವರೆಗೆ ಎಳೆದುಕೊಂಡದ್ದನ್ನು ಕಂಡೆ, ಮತ್ತೆ ಕಾಣಲಿಲ್ಲ ಎಂದು ಹೇಳಿಹೋದ. ಝೆಲೀ ಕಪ್ಪು ಬಟ್ಟೆ ಉಡಲಿಲ್ಲ. ಶನಿವಾರ ಬಂತೆಂದರೆ ಮಗನ ಬೂಟುಗಳಿಗೆ ಕೊಬ್ಬು ಸವರಿ ಒಲೆಯ ಪಕ್ಕ ಇಡುತ್ತಿದ್ದಳು. ಬೇಡವೆನ್ನಲು ಆನ್ಸೆಲ್ಮ್‌ಗೆ ಬಾಯಿ ಬರುತ್ತಿರಲಿಲ್ಲ.

ಯುದ್ಧ ಮುಗಿಯಿತು. ಊರೂರಿಗೂ ಸ್ಮಾರಕ ಬೇಕಾಯಿತು. ಪಕ್ಕದ ಊರುಗಳು ಕಾರ್ಖಾನೆಯ ಪಟ್ಟಿ ನೋಡಿ ಎರಕದ ಸಿಪಾಯಿಯನ್ನು ತರಿಸಿಕೊಂಡವು. ಆದರೆ ನಮ್ಮ ಮೇಯರ್ ಲಾಶೋಮ್ ಮೀಸೆ ತಿರುವಿಕೊಂಡು, “ನಮ್ಮ ಮಕ್ಕಳು, ನಮ್ಮ ಕಲ್ಲು, ನಮ್ಮ ವೊತ್ರೊ” ಎಂದ. ಸತ್ತವರು ನಲವತ್ತಮೂರು. ಪೀಠದ ಮೇಲೆ ಅವರ ಹೆಸರು, ಅದರ ಮೇಲೆ ನಿಂತ ಒಬ್ಬ ಸಿಪಾಯಿ. ಪ್ಯಾರಿಸ್‌ನಲ್ಲಿ ಸಿಗದ ಮುಖ ಅರವತ್ತೆರಡನೇ ವಯಸ್ಸಿನಲ್ಲಿ ಆನ್ಸೆಲ್ಮ್‌ಗೆ ಸಿಕ್ಕಿತು. ಅದು ಕ್ಲೊವಿಸನದೇ ಆಗಬೇಕೆಂದು ಮೊದಲ ದಿನವೇ ಅವನು ನಿರ್ಧರಿಸಿಬಿಟ್ಟಿದ್ದ.

ಮೊದಲು ಜೇಡಿಮಣ್ಣಿನಲ್ಲಿ ತಲೆ ಮಾಡಿ ಒದ್ದೆ ಬಟ್ಟೆ ಸುತ್ತಿ ಝೆಲೀಗೆ ತೋರಿಸಲು ತಂದ. ಬಟ್ಟೆ ತೆಗೆದದ್ದೇ ತಡ, ಅವಳು ಸೆರಗಿನಂತೆ ಹೊದ್ದಿದ್ದ ಶಾಲನ್ನು ಮುಖಕ್ಕೆ ಒತ್ತಿಕೊಂಡಳು.

“ತೆಗಿ! ಮಣ್ಣಲ್ಲಿ ಹೋದವನನ್ನ ಮಣ್ಣಲ್ಲೇ ಮಾಡಿ ತಂದಿದ್ದೀಯಲ್ಲೋ, ನಿನಗೇನು ಬುದ್ಧಿ ಇಲ್ವಾ?”

“ಹಾಗಾದ್ರೆ ಸುಣ್ಣದ ಅಚ್ಚಲ್ಲಿ ತೆಗೀತೀನಿ...”

“ಅಚ್ಚು ತೆಗೆಯೋದು ಹೆಣದ ಮುಖಕ್ಕೆ. ಕಲ್ಲಲ್ಲಿ ಮಾಡು. ಕಲ್ಲಾದ ಮೇಲೆ ತೋರ್ಸು.”

ಅವನು ಕಲ್ಲಿಗೆ ಕೈಹಾಕಿದ. ಕಾಲು, ಕೋಟು, ಬಂದೂಕು ಹಿಡಿದ ಕೈ, ಎಲ್ಲ ಚೆನ್ನಾಗಿ ಬಂತು. 1920ರ ಅಕ್ಟೋಬರ್‌ನಲ್ಲಿ ಮುಖ ಬಿಡಿಸುವಾಗ ಕಲ್ಲಿನೊಳಗೆ ಕೂದಲೆಳೆಯಷ್ಟು ಒಂದು ಗೆರೆ ಕಾಣಿಸಿತು. ಮೂರು ದಿನ ಅದರ ಹಿಂದೆ ಹೋದ. ಅದು ಕಿವಿಯಿಂದ ಕಿವಿಗೆ ಹಾದಿತ್ತು. ತಲೆಯನ್ನು ಕತ್ತಿನ ಪಟ್ಟಿಯ ಹತ್ತಿರ ಕೊಯ್ದು ತೆಗೆಯದೆ ವಿಧಿಯಿರಲಿಲ್ಲ. ಬೇರೆ ಒಣಕಲ್ಲು ಇರಲಿಲ್ಲ. ಆ ವರ್ಷದ ಏಪ್ರಿಲ್ ಕಲ್ಲೆಲ್ಲ ಉತ್ತರದ ಹಾಳುಬಿದ್ದ ಊರುಗಳನ್ನು ಕಟ್ಟಲು ಗಾಡಿ ಹತ್ತಿ ಹೋಗಿತ್ತು. ಸರಿ, ಬೇಸಿಗೆ ಬರಲಿ ಎಂದುಕೊಂಡ.

ಅಷ್ಟರಲ್ಲಿ ಝೆಲೀ ಹಾಸಿಗೆ ಹಿಡಿದಳು. ಕಾಲು ಊದಿಕೊಂಡವು, ಎರಡು ಮಾತಿಗೆ ಏದುಸಿರು. ಡಾಕ್ಟರ್ ಮೆಟ್ಟಿಲಿಳಿಯುತ್ತ ಆನ್ಸೆಲ್ಮ್‌ನ ತೋಳು ಹಿಡಿದು, “ಹೃದಯ ಸೋತಿದೆ. ಹಿಮ ಕರಗೋದನ್ನ ಆಕೆ ನೋಡೋದಿಲ್ಲ” ಎಂದು ಪಿಸುಗುಟ್ಟಿದರು.

ಮರುದಿನ ಬೆಳಿಗ್ಗೆ ಅವನು ಕ್ವಾರಿಗೆ ಹೋದ. ಕ್ವಾರಿಯ ಮೇಸ್ತ್ರಿ ಫಿರ್ಮೆಂ ಮೂವತ್ತು ವರ್ಷದ ಜೊತೆಗಾರ. ಬಾಯಿ ಜೋರು, ಕೈ ಅದಕ್ಕಿಂತ ಜೋರು.

“ಒಂದು ತಲೆಯಷ್ಟು ಕಲ್ಲು ಬೇಕು ಫಿರ್ಮೆಂ. ಕೆಳಗಿನ ನಯಪದರದ್ದು.”

“ಇವತ್ತು ತಾರೀಖೆಷ್ಟು ಯಜಮಾನ್ರೆ?”

“ಇಪ್ಪತ್ತೆರಡು.”

“ಯಾವ ತಿಂಗಳದು?”

“ಗೊತ್ತು ಕಣೋ.”

“ಗೊತ್ತಿದ್ದೂ ಕೇಳ್ತಿದ್ದೀರಲ್ಲ! ಹಿಂದೊಂದ್ಸಲ ನವೆಂಬರ್ ಐದಕ್ಕೆ ಒಂದೇ ಒಂದು ಮೆಟ್ಟಿಲುಗಲ್ಲು ಎಬ್ಬಿಸಿದ್ದಕ್ಕೆ ಇಲ್ಲೇ ನಿಂತ್ಕೊಂಡು ನನ್ನ ಜನ್ಮ ಜಾಲಾಡಿದ್ರಲ್ಲ, ಆ ಮನುಷ್ಯ ಎಲ್ಲಿ ಹೋದ?”

“ಝೆಲೀ ಬೇಸಿಗೆ ನೋಡಲ್ಲ ಫಿರ್ಮೆಂ.”

ಫಿರ್ಮೆಂ ಟೋಪಿ ತೆಗೆದ. ಸ್ವಲ್ಪ ಹೊತ್ತು ಅದರ ಒಳಗೇ ನೋಡುತ್ತಿದ್ದ. “ಹಸಿಕಲ್ಲು ಅಂತ ಅಮ್ಮಾವ್ರಿಗೆ ಗೊತ್ತಾ?”

“ಹೇಳೋಕೇನಿದೆ? ಅವಳ ಕೋಣೇಲಿ ಬೆಚ್ಚಗಿರುತ್ತೆ. ಕಣ್ಣಾರೆ ನೋಡ್ಲಿ, ಕೈಯಾರೆ ಮುಟ್ಲಿ. ಆಮೇಲಿಂದು ಆಮೇಲೆ.”

“ಹೇಳಿಬಿಡಿ ಯಜಮಾನ್ರೆ. ಕಲ್ಲು ಕಟ್ಟೋರ ಮನೆ ಹೆಂಗಸು ಅವ್ರು, ಅರ್ಥ ಆಗುತ್ತೆ.”

“ನೀನು ಬೆಣೆ ಹೊಡಿ.”

ಫಿರ್ಮೆಂ ಗೊಣಗುತ್ತಲೇ ಕಟ್ಟಿಟ್ಟ ಬೆಣೆ ಬಿಚ್ಚಿದ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಆದರೆ ಜೀವಮಾನವಿಡೀ ಆತುರವನ್ನೇ ಕಾಣದವನಿಗೆ ಒಂದೇ ಸಲ ಬಂದ ಆತುರ ಅದು, ಏನು ಹೇಳೋಣ! ಹಸಿಕಲ್ಲು ಚೀಸಿನ ಹಾಗೆ ಉಳಿಗೆ ಒದಗುತ್ತಿತ್ತು. ಒಲೆ ಹಾಕಿದ ಕೆಲಸದ ಕೊಟ್ಟಿಗೆಯಲ್ಲಿ ನಾಲ್ಕೇ ವಾರಕ್ಕೆ ಕ್ಲೊವಿಸ್ ಹೊರಗೆ ಬಂದ. ಸೊಟ್ಟ ಮೂಗು, ಏನೋ ಹೇಳಹೊರಟು ನಿಲ್ಲಿಸಿದಂಥ ಬಾಯಿ. ಆನ್ಸೆಲ್ಮ್ ಬದುಕಿನಲ್ಲಿ ಅಂಥ ಕೆಲಸ ಹಿಂದೆ ಮಾಡಿರಲಿಲ್ಲ, ಮುಂದೆ ಮಾಡಲೂ ಇಲ್ಲ.

ಕ್ರಿಸ್ಮಸ್ಸಿಗೆ ಎರಡು ದಿನ ಮೊದಲು ಅವನೂ ಫಿರ್ಮೆಂನೂ ಆ ತಲೆಯನ್ನು ಕಂಬಳಿಯಲ್ಲಿ ಸುತ್ತಿ, ಮೆಟ್ಟಿಲಿಗೊಮ್ಮೆ ನಿಂತು, ಮೇಲಿನ ಕೋಣೆಗೆ ಹೊತ್ತು ತಂದರು. ಮಂಚದ ಪಕ್ಕದ ಪೆಟ್ಟಿಗೆಯ ಮೇಲಿಟ್ಟರು. ಝೆಲೀ ಕೈ ಚಾಚಿದಳು. ಹಣೆಯಿಂದ ಗಲ್ಲದವರೆಗೆ ಬೆರಳಾಡಿಸಿದಳು. ಕಿವಿಯ ಹಿಂದೆ, ಮಗುವಾಗಿದ್ದಾಗ ಬಿದ್ದು ಆದ ಗಾಯದ ಗುರುತನ್ನು ಹುಡುಕಿದಳು. ಅದೂ ಇತ್ತು. ಫಿರ್ಮೆಂ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ.

“ಯಾಕೋ ಒದ್ದೆ ಒದ್ದೆ ಇದಾನಲ್ಲ?” ಎಂದಳು ಝೆಲೀ. ಒಲೆಯ ಕಾವಿಗೆ ಕಲ್ಲು ಬೆವರುತ್ತಿತ್ತು.

“ಧೂಳು ಹೋಗ್ಲಿ ಅಂತ ಒದ್ದೆ ಬಟ್ಟೇಲಿ ಒರೆಸ್ದೆ.”

“ಏಪ್ರಿಲ್ ಕಲ್ಲು ತಾನೇ?”

ಫಿರ್ಮೆಂ ಯಜಮಾನನ ಮುಖ ನೋಡಿದ.

“ಏಪ್ರಿಲ್‌ದೇ” ಎಂದ ಆನ್ಸೆಲ್ಮ್.

ಮೂವತ್ತಾರು ವರ್ಷದ ಸಂಸಾರದಲ್ಲಿ ಕಲ್ಲಿನ ವಿಷಯದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು. ಬೆರಳಲ್ಲಿ ಒಂದು ಸಲ ತಟ್ಟಿದ್ದರೆ ಅವಳಿಗೇ ತಿಳಿದುಬಿಡುತ್ತಿತ್ತು. ಆದರೆ ಮಗನ ತಲೆಯನ್ನು ಯಾವ ತಾಯಿ ತಟ್ಟಿ ಪರೀಕ್ಷೆ ಮಾಡುತ್ತಾಳೆ?

ಹತ್ತು ದಿನ ಕ್ಲೊವಿಸ್ ಅಮ್ಮನ ಪಕ್ಕದಲ್ಲಿದ್ದ. ಆಗ ಯಾರೂ ಎಣಿಸದ್ದು ನಡೆಯಿತು. ಝೆಲೀ ದಿಂಬಿಗೊರಗಿ ಕೂತಳು. ಸೂಪು ಕುಡಿದಳು. ಬೂಟುಗಳನ್ನು ತರಿಸಿ, ಚರ್ಚಿಗೆ ಕೊಟ್ಟುಬಿಡು, ಯಾರಾದರೂ ಬಡವರು ಹಾಕಿಕೊಳ್ಳಲಿ ಎಂದಳು. ಡಾಕ್ಟರ್ ನಾಡಿ ಹಿಡಿದು ಹುಬ್ಬೇರಿಸಿದರು. ಆನ್ಸೆಲ್ಮ್‌ಗೆ ಸಂತೋಷಪಡಬೇಕೋ ಹೆದರಬೇಕೋ ತಿಳಿಯದೆ ಮುಳ್ಳಿನ ಮೇಲೆ ನಿಂತಂತಾಯಿತು.

ಹನ್ನೊಂದನೇ ದಿನ ಅವಳೆಂದಳು: “ಇವನನ್ನ ಹೊರಗೆ ನಿಲ್ಲಿಸು. ನಲವತ್ತಮೂರು ಮಕ್ಕಳ ತಾಯಂದಿರಿದ್ದಾರೆ. ನಾನೊಬ್ಳೇ ಮಗನ್ನ ಬಗಲಲ್ಲಿಟ್ಕೊಂಡು ಮಲಗಿದ್ರೆ ದೇವರು ಮೆಚ್ತಾನಾ? ಚೌಕ ಇಲ್ಲೇ ಕಿಟಕಿ ಕೆಳಗಿದೆ. ನೋಡ್ತಿರ್ತೀನಿ.”

“ಇಷ್ಟು ಚಳೀಲಿ ಯಾಕೆ? ಬೇಸಿಗೆ ಬರ್ಲಿ.”

“ಶುರುವಾಯ್ತು ನಿನ್ನ ಬೇಸಿಗೆ! ಏಪ್ರಿಲ್ ಕಲ್ಲಿಗೆ ಚಳಿ ಏನು ಮಾಡುತ್ತೆ?”

ಆಗಲಾದರೂ ಹೇಳಬಹುದಿತ್ತು. ಒಂದೇ ಮಾತು ಸಾಕಿತ್ತು. ಆದರೆ ಅವಳ ಕೆನ್ನೆಗೆ ಮೂರು ವರ್ಷದ ಮೇಲೆ ರಂಗು ಬಂದಿತ್ತು. ಹಸಿಕಲ್ಲೆಂದರೆ ಯಾಕೆ ಹಸಿಕಲ್ಲು ಎಂದು ಕೇಳುತ್ತಾಳೆ, ನೀನು ಸಾಯುತ್ತೀ ಎಂದು ಹೇಳಬೇಕಾಗುತ್ತದೆ. ಅದು ಆನ್ಸೆಲ್ಮ್‌ನ ಕೈಲಾಗಲಿಲ್ಲ. ತಲೆಯನ್ನು ಇಳಿಸಿ, ಚೌಕದ ಪೀಠದ ಮೇಲೆ ಆಗಲೇ ತಲೆಯಿಲ್ಲದೆ ನಿಂತಿದ್ದ ಸಿಪಾಯಿಯ ಮೈಗೆ ಜೋಡಿಸಿ, ಕತ್ತಿನ ಪಟ್ಟಿಯಲ್ಲಿ ಸಂದು ಕಾಣದ ಹಾಗೆ ಗಾರೆ ತುಂಬಿದ. ಆಮೇಲೆ ಹುಲ್ಲು ಸುತ್ತಿ, ಗೋಣಿ ಸುತ್ತಿ, ಹಗ್ಗ ಕಟ್ಟಿದ.

ಝೆಲೀ ಕಿಟಕಿಯಿಂದ ಕೂಗಿದಳು: “ಅದೇನು ಗುಲಾಬಿ ಗಿಡಾನಾ, ಹುಲ್ಲು ಹೊದಿಸೋಕೆ? ಬಿಚ್ಚು ಮಾರಾಯ, ನನಗೆ ಅವನ ಮುಖ ಕಾಣ್ಬೇಕು.”

ಚೌಕದಲ್ಲಿ ಜನ ಸೇರಿದ್ದರು. ಅವನು ಬಿಚ್ಚಿದ. ಇಬ್ಬರು ಮಕ್ಕಳನ್ನು ಕಳೆದುಕೊಂಡಿದ್ದ ಕಸಾಯಿ ಅಂಗಡಿಯ ಯೂಲಾಲಿ ಕತ್ತೆತ್ತಿ ನೋಡಿ, “ಸತ್ತೋರು ನಲವತ್ತಮೂರು, ಮುಖ ಮಾತ್ರ ವೊತ್ರೊ ಮಗಂದು!” ಎಂದು ಮೂಗು ಮುರಿದಳು. ಆನ್ಸೆಲ್ಮ್‌ಗೆ ಅದು ಕಿವಿಗೇ ಬೀಳಲಿಲ್ಲ. ಅವನು ಆಕಾಶ ನೋಡುತ್ತಿದ್ದ. ಮೋಡವಿತ್ತು. ಮೋಡವಿದ್ದರೆ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವುದಿಲ್ಲ.

ಎರಡು ವಾರ ಮೋಡ ಕಾಪಾಡಿತು. ದೇವರನ್ನು ಅಷ್ಟಾಗಿ ಹಚ್ಚಿಕೊಳ್ಳದವನು ಬೆಳಿಗ್ಗೆ ಎದ್ದವನೇ ಬಾಗಿಲಲ್ಲಿ ನಿಂತು ಮೋಡಕ್ಕೆ ಕೈಮುಗಿಯುತ್ತಿದ್ದ. ಜನವರಿ ಹದಿನೇಳರ ಬೆಳಿಗ್ಗೆ ಕಣ್ಣು ಬಿಟ್ಟಾಗ ಕೋಣೆಯ ಗೋಡೆಯ ಮೇಲೆ ಬಿಸಿಲಿತ್ತು. ಆಕಾಶ ತೊಳೆದಿಟ್ಟ ಹಾಗೆ ನೀಲಿ. ಬಾವಿಕಟ್ಟೆಯ ಬಕೆಟ್ಟಿನಲ್ಲಿ ನೀರು ಕಲ್ಲಾಗಿತ್ತು. ಝೆಲೀ ಆಗಲೇ ಎದ್ದು ಕಿಟಕಿಯ ಪಕ್ಕದಲ್ಲಿ ಕೂತಿದ್ದಳು. ಅವಳ ಹೆಗಲ ಮೇಲಿಂದ ಅವನು ಚೌಕದ ಕಡೆ ನೋಡಿದ.

ಹಣೆಯಿಂದ ಗಲ್ಲದವರೆಗೆ ಮುಖವಷ್ಟೇ ಮರದ ತೊಗಟೆಯ ಹಾಗೆ ಎದ್ದು ಬಿದ್ದಿತ್ತು. ಟೋಪಿ ಇತ್ತು, ಕಿವಿಗಳಿದ್ದವು. ನಡುವೆ ಏನೂ ಇರಲಿಲ್ಲ. ಪೀಠದ ಮೇಲೆ, ಹೆಸರುಗಳ ಮುಂದೆ, ಮೂಗು ಬಾಯಿ ಚೂರುಚೂರಾಗಿ ಬಿದ್ದಿದ್ದವು.

“ಯಾವ ತಿಂಗಳ ಕಲ್ಲು?” ಎಂದಳು, ತಿರುಗದೆ.

“ಝೆಲೀ...”

“ಯಾವ ತಿಂಗಳದು ಅಂದೆ.”

“ನವೆಂಬರ್.”

“ಯಾಕೆ?”

ಅವನು ಮಂಚದ ಅಂಚಿನಲ್ಲಿ ಕುಸಿದ. “ಡಾಕ್ಟರ್ ಹೇಳಿದ್ರು, ನೀನು... ಹಿಮ ಕರಗೋವರೆಗೂ...”

“ಅದು ನನಗೂ ಕೇಳಿಸ್ತು. ಮೆಟ್ಟಿಲ ಮೇಲೆ ಪಿಸುಗುಟ್ಟಿದ್ರೆ ಈ ಮನೇಲಿ ಯಾರಿಗೆ ಕೇಳಲ್ಲ? ಕೇಳಿಸ್ಕೊಂಡೇ ಹಟ ಹಿಡಿದಿದ್ದೆ ನಾನು. ಏಪ್ರಿಲ್ ಕಲ್ಲು ಬರ್ಲಿ, ಒಣಗ್ಲಿ, ಅಲ್ಲೀವರೆಗೂ ಸಾಯಲ್ಲ ಅಂತ.” ಅವಳಿಗೆ ಉಸಿರು ಸಾಲಲಿಲ್ಲ, ಆದರೂ ಬಿಡಲಿಲ್ಲ. “ನೀನು ಪ್ಯಾರಿಸ್ಸಿಗೆ ಹೋದೆ, ನಾನು ಮೂರು ವರ್ಷ ಕಾದೆ. ಅವನು ಯುದ್ಧಕ್ಕೆ ಹೋದ, ಇಷ್ಟು ವರ್ಷ ಕಾದೆ. ಜೀವನದಲ್ಲಿ ನಾನು ಕಲ್ತಿದ್ದು ಅದೊಂದೇ ಕೆಲಸ. ಕಲ್ಲಿಗೋಸ್ಕರ ಊರನ್ನೆಲ್ಲಾ ಕಾಯಿಸ್ದೋನು ನೀನು. ನನ್ನನ್ನ ಒಂದು ಮಾತು ಕೇಳಬಾರದಿತ್ತಾ, ‘ಕಾಯ್ತೀಯಾ ಝೆಲೀ’ ಅಂತ?”

ಅವನು ಮಂಚದಿಂದ ಎದ್ದ. ಕೆಳಗೆ ಹೋಗಿ ಚೂರುಗಳನ್ನು ಸೊಂಟಕ್ಕೆ ಕಟ್ಟಿದ್ದ ಮುಂಗವಸಿಗೆ ತುಂಬಿಕೊಂಡ. ಯೂಲಾಲಿ ಬಂದು ಪಕ್ಕದಲ್ಲಿ ನಿಂತಳು. ಮೊದಲು ಏನೋ ಚುಚ್ಚುಮಾತಿಗೆ ಬಾಯಿ ತೆರೆದವಳು, ಬಗ್ಗಿ ಹಿಮದಲ್ಲಿ ಹುದುಗಿದ್ದ ಒಂದು ಚೂರನ್ನು ಎತ್ತಿ ಅವನ ಮುಂಗವಸಿಗೆ ಹಾಕಿ ಹೋದಳು.

ಡಾಕ್ಟರ ಮಾತು ಸುಳ್ಳಾಯಿತು. ಹಿಮ ಕರಗಿತು, ಝೆಲೀ ಇದ್ದಳು. ಮಂಚವನ್ನು ಮಾತ್ರ ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು. ಏಪ್ರಿಲ್‌ನಲ್ಲಿ ಫಿರ್ಮೆಂ ಯಾರೂ ಹೇಳದೆಯೇ ಒಂದು ದೊಡ್ಡ ಕಲ್ಲು ಎಬ್ಬಿಸಿ, ಅದರ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆದು, ಗಾಡಿಯಲ್ಲಿ ತಂದು ಅಂಗಳದಲ್ಲಿಟ್ಟ. ಆನ್ಸೆಲ್ಮ್ ಮಂಚದ ಬಳಿ ನಿಂತು, “ಏಪ್ರಿಲ್ ಕಲ್ಲು ಬಂದಿದೆ. ಈ ಸಲ ನಿಜವಾಗ್ಲೂ. ಚಳಿಗಾಲದ ಹೊತ್ತಿಗೆ ಒಣಗುತ್ತೆ” ಎಂದ.

“ಬೇಡ” ಎಂದಳು ಗೋಡೆಯ ಕಡೆಗೇ. “ಒಂದ್ಸಲ ಮಣ್ಣು ತಗೊಂಡು ಹೋಯ್ತು. ಒಂದ್ಸಲ ಹಿಮ ತಗೊಂಡು ಹೋಯ್ತು. ಮೂರನೇ ಸಲಕ್ಕೆ ನನ್ನ ಹತ್ರ ಏನೂ ಉಳಿದಿಲ್ಲ.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಊರು ಆಡಿಕೊಂಡಿತು. ಮೇಯರ್ ಲಾಶೋಮ್ ತಲೆ ತಗ್ಗಿಸಿಕೊಂಡು ಕಾರ್ಖಾನೆಯ ಪಟ್ಟಿ ತರಿಸಿದ. ಪಕ್ಕದ ಮೂರು ಊರುಗಳಲ್ಲಿ ನಿಂತಿರುವ ಎರಕದ ಸಿಪಾಯಿಯೇ ನಮ್ಮ ಚೌಕದಲ್ಲೂ ನಿಂತ. ಆನ್ಸೆಲ್ಮ್‌ನ ಮುಖವಿಲ್ಲದ ಸಿಪಾಯಿಯನ್ನು ಇಳಿಸಿ ಅವನ ಕೊಟ್ಟಿಗೆಗೇ ತಂದು ಮಲಗಿಸಿದರು. ಅವನು ಮತ್ತೆ ಉಳಿ ಹಿಡಿಯಲಿಲ್ಲ. ಚರಂಡಿ, ಸೇತುವೆಗಳಿಗೆ ನಕ್ಷೆ ಬರೆದುಕೊಟ್ಟು ದಿನ ತಳ್ಳಿದ.

ಝೆಲೀ ತೀರಿಕೊಂಡದ್ದು 1922ರ ಸೆಪ್ಟೆಂಬರ್‌ನಲ್ಲಿ. ಅಂಗಳದ ಕಲ್ಲು ಅಷ್ಟು ಹೊತ್ತಿಗೆ ಎರಡು ಬೇಸಿಗೆ ಕಂಡಿತ್ತು. ಆನ್ಸೆಲ್ಮ್ ಆಮೇಲೂ ಏಳು ವರ್ಷ ಬದುಕಿದ. ಊಟಕ್ಕೆ ಕೂತಾಗ ಅವನ ತಟ್ಟೆಯ ಪಕ್ಕದಲ್ಲಿ ಒಂದು ಚೂರು ಕಲ್ಲಿರುತ್ತಿತ್ತು, ಸೊಟ್ಟ ಮೂಗಿನ ತುದಿ. ನೋಡಿದವರು ನೋಡದವರ ಹಾಗೆ ಇರುತ್ತಿದ್ದರು. ಸಾಯುವ ಮುಂಚೆ ಒಂದು ಚೀಟಿ ಬರೆದಿಟ್ಟಿದ್ದ: ದೇವದೂತ ಬೇಡ, ಮುಖ ಬೇಡ. ಏಪ್ರಿಲ್ ಕಲ್ಲನ್ನು ಇದ್ದ ಹಾಗೇ ನಮ್ಮಿಬ್ಬರ ಮೇಲೆ ಮಲಗಿಸಿ, ಮೂರು ಹೆಸರು ಬರೆಯಿರಿ.

ಫಿರ್ಮೆಂ ಅದನ್ನು ತನ್ನ ಕೈ‌ಯಿಂದಲೇ ಮಲಗಿಸಿದ. ಅವನಿಗೀಗ ಎಂಬತ್ತು ದಾಟಿದೆ. ಆದರೂ ಸಕಲ ಸಂತರ ಹಬ್ಬದ ದಿನ ಸೇವಂತಿಗೆ ಕುಂಡ ಹಿಡಿದು ಏದುಸಿರು ಬಿಡುತ್ತ ಸ್ಮಶಾನದ ದಿಬ್ಬ ಹತ್ತಿ ಬರುತ್ತಾನೆ. ಕುಂಡ ಇಟ್ಟು, ಕೋಟಿನ ಜೇಬಿನಿಂದ ಪುಟ್ಟ ಸುತ್ತಿಗೆ ತೆಗೆದು ಆ ಕಲ್ಲಿಗೆ ಒಂದೇ ಒಂದು ಪೆಟ್ಟು ಕೊಡುತ್ತಾನೆ. ಕಲ್ಲು ಗಂಟೆಯ ಹಾಗೆ ನುಡಿಯುತ್ತದೆ. ಅಕ್ಕಪಕ್ಕದ ಗೋರಿಗಳಲ್ಲಿ ಹೂವಿಡುತ್ತಿರುವವರೂ ಕತ್ತೆತ್ತುತ್ತಾರೆ.

“ಕೇಳಿಸ್ತಾ ಯಜಮಾನ್ರೆ?” ಎಂದು ಫಿರ್ಮೆಂ ಗದರಿಸುತ್ತಾನೆ. “ಒಂದು ಬಿರುಕಿಲ್ಲ! ಅಮ್ಮಾವ್ರನ್ನ ಒಂದು ಮಾತು ಕೇಳಿದ್ದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?” ಆಮೇಲೆ ಸುತ್ತಿಗೆಯನ್ನು ಜೇಬಿಗೆ ಇಳಿಬಿಟ್ಟು, ದನಿ ತಗ್ಗಿಸಿ ಹೇಳುತ್ತಾನೆ: “ನಾನಾದ್ರೂ ಆವತ್ತು ಬೆಣೆ ಹೊಡೀಬಾರದಿತ್ತು.”